ಖಾಲಿ ತೋಟಾಗಳ ಗೋದಾಮು

ಚುನಾವಣೆಯ ದಿನಾಂಕ ಪ್ರಕಟವಾಗಿ ವಾರ ಕಳೆಯುವುದರೊಳಗೆ ಬೆಂಗಳೂರಿನ ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಪೊಲೀಸ್ ಠಾಣೆಗಳಿಗೆ ಬೇರೆ ದಿನಗಳಲ್ಲಿ ಆ ಮೆಟ್ಟಿಲು ಹತ್ತದ ಒಂದು ಬಗೆಯ ಜನ ಬರತೊಡಗುತ್ತಾರೆ. ಡಿಫೆನ್ಸ್ ಕಾಲೊನಿಯ ನಿವೃತ್ತ ಸೇನಾಧಿಕಾರಿ, ಊರಲ್ಲಿ ಕಾಫಿ ತೋಟವಿದ್ದು ಇಲ್ಲಿ ಮನೆ ಮಾಡಿಕೊಂಡಿರುವ ಯಜಮಾನರು, ಗಂಡ ತೀರಿಕೊಂಡ ಮೇಲೆ ತನ್ನ ಹೆಸರಿಗೆ ಬಂದ ಹಳೇ ರಿವಾಲ್ವರನ್ನು ಕೈಚೀಲದಲ್ಲಿ ತಂದ ಹಿರಿಯ ಹೆಂಗಸು. ಆಯುಧ ಒಪ್ಪಿಸಿ, ರಸೀದಿ ಪಡೆದು, ಫಲಿತಾಂಶ ಬಂದ ಮೇಲೆ ಮತ್ತೆ ಬಂದು ಬಿಡಿಸಿಕೊಂಡು ಹೋಗುತ್ತಾರೆ. ಅದೇ ಹೊತ್ತಿಗೆ ನಗರದಲ್ಲಿ ರೌಡಿ ಪರೇಡೂ ನಡೆಯುತ್ತದೆ. ಅಲ್ಲಿ ಸಾಲಾಗಿ ನಿಂತವರಲ್ಲಿ ಒಬ್ಬನಾದರೂ "ಸಾರ್, ನನ್ನ ಹತ್ರ ಒಂದು ನಾಡ ಪಿಸ್ತೂಲಿದೆ, ಎಲೆಕ್ಷನ್ ಮುಗಿಯೋವರೆಗೆ ಇಟ್ಕೊಂಡಿರಿ" ಎಂದು ತಂದುಕೊಟ್ಟಿದ್ದನ್ನು ಯಾವ ಇನ್‌ಸ್ಪೆಕ್ಟರೂ ಕಂಡಿರಲಾರರು.

ಎಲ್ಲ ಪರವಾನಗಿದಾರರಿಂದಲೂ ಸಾರಾಸಗಟಾಗಿ ಆಯುಧ ಕಸಿಯಿರಿ ಎಂದು ಚುನಾವಣಾ ಆಯೋಗವೇನೂ ಹೇಳಿಲ್ಲ. ಯಾರ ಆಯುಧ ಪಡೆಯಬೇಕು, ಯಾರದು ಬೇಡ ಎಂದು ಒಂದು ಪರಿಶೀಲನಾ ಸಮಿತಿ ಪ್ರಕರಣವಾರು ನೋಡಬೇಕು. 2024ರ ಲೋಕಸಭಾ ಚುನಾವಣೆಗೆ ಮುನ್ನ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ ಇದನ್ನೇ ಮತ್ತೊಮ್ಮೆ ಹೇಳಬೇಕಾಯಿತು. ಆದರೆ ವಿವೇಚನೆಗಿಂತ ಸುತ್ತೋಲೆ ಸುಲಭ. ಪಟ್ಟಿಯಲ್ಲಿ ಹೆಸರಿದೆ, ವಿಳಾಸವಿದೆ, ಫೋನ್ ನಂಬರಿದೆ. ಯಾರು ಸಿಗುತ್ತಾರೋ ಅವರನ್ನು ಕರೆದರಾಯಿತು.

ಈ ಮನೋಭಾವವೇ ಈಗ ವಿಜ್ಞಾನದ ಬಟ್ಟೆ ತೊಟ್ಟು ಬರುತ್ತಿದೆ. ನಗರದಲ್ಲಿ ಎಲ್ಲಾದರೂ ಗುಂಡಿನ ಸದ್ದಾದರೆ ಮರುದಿನದ ಟಿ.ವಿ. ಚರ್ಚೆಯಲ್ಲಿ ಒಬ್ಬರು ಹೇಳಿಯೇ ಹೇಳುತ್ತಾರೆ: ಮನುಷ್ಯನಿಗೆ ಬೆರಳಚ್ಚು ಇದ್ದ ಹಾಗೆ ಬಂದೂಕಿಗೂ ಅಚ್ಚು ಇದೆ, ಪರವಾನಗಿ ಇರುವ ಪ್ರತಿಯೊಂದು ಪಿಸ್ತೂಲಿನಿಂದಲೂ ಎರಡು ಗುಂಡು ಹಾರಿಸಿ, ಖಾಲಿ ತೋಟಾದ ಮೇಲಿನ ಗುರುತನ್ನು ಕಂಪ್ಯೂಟರಿಗೆ ಏರಿಸಿಬಿಟ್ಟರೆ ಮುಂದೆ ಕೊಲೆ ನಡೆದ ಜಾಗದಲ್ಲಿ ಸಿಕ್ಕ ತೋಟಾ ತಾನಾಗಿಯೇ ಕೊಲೆಗಾರನ ಹೆಸರು ಹೇಳುತ್ತದೆ. ಕೇಳುವವರು ತಲೆದೂಗುತ್ತಾರೆ. ಸುರಕ್ಷತೆಯ ಹೆಸರಲ್ಲಿ ಯಾವ ದಾಖಲೆ ಮಾಡಿದರೂ ಅದು ಒಳ್ಳೆಯದೇ ಎಂಬುದು ನಮ್ಮ ಮಧ್ಯಮ ವರ್ಗದ ಗಟ್ಟಿ ನಂಬಿಕೆ. ಈ ನಂಬಿಕೆ ತಪ್ಪು, ಈ ದಾಖಲೆ ದಂಡ ಎಂಬುದು ನನ್ನ ವಾದ. ಮಾಡಿದವರು ಅದನ್ನು ಕಿತ್ತುಹಾಕಿದ್ದಾರೆ. ಮಾಡದ ನಾವು ಹಾಕಲು ಹೊರಡುವುದು ಬೇಡ.

ನಾನು ಬಂದೂಕಿನ ಅಭಿಮಾನಿಯಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಗರದಲ್ಲಿ ವಾಸಿಸುವವರಿಗೆ ಪರವಾನಗಿ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. 2019ರ ತಿದ್ದುಪಡಿ ಒಬ್ಬರ ಬಳಿ ಮೂರು ಆಯುಧ ಇರಬಹುದಾಗಿದ್ದನ್ನು ಎರಡಕ್ಕೆ ಇಳಿಸಿತು, ಒಂದಕ್ಕೆ ಇಳಿಸಿದ್ದರೂ ನನ್ನ ತಕರಾರಿರಲಿಲ್ಲ. ಯಾರ ಬಳಿ ಯಾವ ನಂಬರಿನ ಆಯುಧವಿದೆ ಎಂಬ ಪರವಾನಗಿ ಪಟ್ಟಿ ಇರಲೇಬೇಕು. ಅದು ಇದೆ, ರಾಷ್ಟ್ರಮಟ್ಟದಲ್ಲಿ ಕಂಪ್ಯೂಟರೀಕರಣಗೊಂಡು ಪ್ರತಿ ಪರವಾನಗಿದಾರನಿಗೂ ಒಂದು ವಿಶಿಷ್ಟ ಸಂಖ್ಯೆಯೂ ಬಂದಿದೆ. ನನ್ನ ತಕರಾರು ಅದರ ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಮಾತಿಗೆ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಆ ಅಂತಸ್ತನ್ನು ಕಟ್ಟಿತ್ತು. 2000ದಲ್ಲಿ, ಪ್ಯಾರಿಸ್ ಗ್ಲೆಂಡೆನಿಂಗ್ ಗವರ್ನರ್ ಆಗಿದ್ದಾಗ ಬಂದ ಕಾನೂನು ಅದು. ರಾಜ್ಯದಲ್ಲಿ ಮಾರಾಟವಾಗುವ ಪ್ರತಿ ಹೊಸ ಕೈಬಂದೂಕಿನ ಜೊತೆ ಅದರಿಂದಲೇ ಹಾರಿಸಿದ ಒಂದು ಖಾಲಿ ತೋಟಾವನ್ನು ಕಂಪನಿ ಕಳಿಸಬೇಕು, ಅಂಗಡಿಯವನು ಅದನ್ನು ರಾಜ್ಯ ಪೊಲೀಸರಿಗೆ ಒಪ್ಪಿಸಬೇಕು, ಅವರು ಅದರ ಚಿತ್ರ ತೆಗೆದು ಕಂಪ್ಯೂಟರಿನಲ್ಲಿಡಬೇಕು. ಪೈಕ್ಸ್‌ವಿಲ್‌ನ ಪೊಲೀಸ್ ಕೇಂದ್ರ ಕಚೇರಿಯ ಕೆಳಗೆ, ಅಣುಬಾಂಬಿನ ಭಯದ ಕಾಲದಲ್ಲಿ ಕಟ್ಟಿದ ನೆಲಮಾಳಿಗೆಯ ಕೋಣೆಗಳಲ್ಲಿ ಲಕೋಟೆ ತುಂಬಿದ ಪೆಟ್ಟಿಗೆಗಳು ಏರುತ್ತಾ ಹೋದವು. ತೋಟಾಗಳ ಸಂಖ್ಯೆ 3 ಲಕ್ಷ ದಾಟಿತು, ಖರ್ಚು ಸುಮಾರು 50 ಲಕ್ಷ ಡಾಲರ್ ಮುಟ್ಟಿತು. 2007ರ ಹೊತ್ತಿಗೆ ಚಿತ್ರ ತೆಗೆಯುವ ಕೆಲಸವೇ ನಿಂತಿತ್ತು. ಆದರೂ ಕಾನೂನು ಇದೆಯಲ್ಲ, ಲಕೋಟೆಗಳು ಬರುತ್ತಲೇ ಇದ್ದವು, ಸಿಬ್ಬಂದಿ ಅವನ್ನು ಜೋಡಿಸುತ್ತಲೇ ಇದ್ದರು. ಇಷ್ಟರಲ್ಲಿ ಹೊಂದಾಣಿಕೆ ಸಿಕ್ಕಿದ್ದು 26. ಆ ಪೈಕಿಯೂ ಹೆಚ್ಚಿನವು ಆಯುಧ ಯಾವುದೆಂದು ಪೊಲೀಸರಿಗೆ ಮೊದಲೇ ಬೇರೆ ದಾರಿಯಲ್ಲಿ ಗೊತ್ತಾಗಿದ್ದವು. 2005ರ ಒಂದು ಕೊಲೆ ಮೊಕದ್ದಮೆಯಲ್ಲಿ ಈ ದಾಖಲೆ ಸಾಕ್ಷ್ಯವಾಗಿ ಬಂತು, ಶಿಕ್ಷೆಯೂ ಆಯಿತು. ಯೋಜನೆಯ ಪರವಾಗಿ ಮಾತಾಡುವವರು ಇವತ್ತಿಗೂ ಅದನ್ನು ಎತ್ತಿ ತೋರಿಸುತ್ತಾರೆ. ತೋರಿಸಲಿ, 15 ವರ್ಷಕ್ಕೆ ತೋರಿಸಲು ಇರುವುದು ಅಷ್ಟು.

ನನಗೆ ಇಲ್ಲಿ ಕುತೂಹಲದ ಸಂಗತಿ ವೈಫಲ್ಯವಲ್ಲ, ಅದನ್ನು ಒಪ್ಪಿಕೊಳ್ಳಲು ಹಿಡಿದ ಕಾಲ. 2004ರಲ್ಲೇ ಮೇರಿಲ್ಯಾಂಡ್ ಪೊಲೀಸರ ಸ್ವಂತ ವಿಧಿವಿಜ್ಞಾನ ವಿಭಾಗ ವರದಿ ಕೊಟ್ಟು, ಇದನ್ನು ನಿಲ್ಲಿಸಿ ಹಣವನ್ನು ಬೇರೆ ಕಡೆ ಹಾಕಿ ಎಂದಿತ್ತು. ಕಾನೂನು ರದ್ದಾಗಿದ್ದು 2015ರಲ್ಲಿ. ನೆಲಮಾಳಿಗೆಯ ಹಿತ್ತಾಳೆಯನ್ನು ಗುಜರಿಗೆ ಮಾರಲು ಪೊಲೀಸರಿಗೆ ಅನುಮತಿ ಸಿಕ್ಕಿತು. 2001ರಲ್ಲಿ ಇಂಥದ್ದೇ ಯೋಜನೆ ಶುರು ಮಾಡಿದ್ದ ನ್ಯೂಯಾರ್ಕ್ 2012ರಲ್ಲೇ ಕೈಬಿಟ್ಟಿತ್ತು. ಅಲ್ಲಿನ ಬಂದೂಕು ಕಂಪನಿಗಳ ಬೆಂಬಲಿಗರು ಚಪ್ಪಾಳೆ ತಟ್ಟಿದರು ಎಂಬ ಕಾರಣಕ್ಕೆ ಆ ನಿರ್ಧಾರ ತಪ್ಪಾಗುವುದಿಲ್ಲ. ಸರ್ಕಾರವೊಂದು ತಾನು ತೆರೆದ ರಿಜಿಸ್ಟರನ್ನು ತಾನೇ ಮುಚ್ಚುವುದು ಎಷ್ಟು ಅಪರೂಪ ಎಂದು ತಾಲ್ಲೂಕು ಕಚೇರಿ ಕಂಡ ಯಾರಿಗಾದರೂ ಗೊತ್ತು.

ಇದು ಕೈಗೂಡದ್ದಕ್ಕೆ ಕಾರಣ ಆಡಳಿತದ ಸೋಮಾರಿತನವಲ್ಲ, ಲೋಹದ ಸ್ವಭಾವ. ಕುದುರೆ ಎಳೆದಾಗ ಚುಚ್ಚುಕಡ್ಡಿ ತೋಟಾದ ಬುಡಕ್ಕೆ ಬಡಿಯುತ್ತದೆ. ಸ್ಫೋಟದ ಒತ್ತಡಕ್ಕೆ ತೋಟಾ ಹಿಂದಕ್ಕೆ ಜಿಗಿದು ಲೋಹದ ಗೋಡೆಗೆ ಒತ್ತಿಕೊಳ್ಳುತ್ತದೆ. ಹೊರಗೆಸೆಯುವ ಕೊಕ್ಕೆ ಅಂಚಿನಲ್ಲಿ ಗೀರು ಬಿಡುತ್ತದೆ. ಈ ಮೂರೂ ಗುರುತನ್ನು ತಜ್ಞರು ಹೋಲಿಕೆ ಸೂಕ್ಷ್ಮದರ್ಶಕದ ಕೆಳಗೆ ಓದುತ್ತಾರೆ. ಎರಡು ತೋಟಾಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ಈ ವಿದ್ಯೆ ಬಲವಾದದ್ದು. ಒಂದು ತೋಟಾವನ್ನು ಹಿಡಿದು, ಒಂದೇ ಕಾರ್ಖಾನೆಯ ಒಂದೇ ಯಂತ್ರದಿಂದ ಹೊರಬಂದ ಸಾವಿರಾರು ಪಿಸ್ತೂಲುಗಳ ನಡುವೆ ಹುಡುಕುವಾಗ ಅದು ಸೋಲುತ್ತದೆ. 2001ರಲ್ಲಿ ಕ್ಯಾಲಿಫೋರ್ನಿಯಾದ ತಜ್ಞರು ಒಂದೇ ಮಾದರಿಯ 792 ಪಿಸ್ತೂಲುಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದೇ ಕಂಪನಿಯ ಗುಂಡು ಬಳಸಿದಾಗಲೂ ಶೇ 38ರಷ್ಟು ಸಲ ನಿಜವಾದ ಪಿಸ್ತೂಲು ಕಂಪ್ಯೂಟರ್ ಕೊಟ್ಟ ಮೊದಲ 15 ಹೆಸರುಗಳಲ್ಲಿ ಇರಲಿಲ್ಲ. ಬೇರೆ ಕಂಪನಿಯ ಗುಂಡು ಹಾಕಿದಾಗ ತಪ್ಪುವ ಪ್ರಮಾಣ ಶೇ 60 ದಾಟಿತು. 792ರಲ್ಲೇ ಈ ಪಾಡು! 2008ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇಡೀ ವಿಷಯವನ್ನು ಕೂಲಂಕಷ ನೋಡಿ, ಹೊಸ ಬಂದೂಕುಗಳೆಲ್ಲದರ ರಾಷ್ಟ್ರೀಯ ದಾಖಲೆ ಮಾಡುವುದು ಬೇಡ ಎಂದಿತು.

ಅಂದಹಾಗೆ, ಬೆರಳಚ್ಚಿನ ಉದಾಹರಣೆ ಕೊಡುವವರು ಆ ಚರಿತ್ರೆಯನ್ನೂ ಸ್ವಲ್ಪ ಓದಬೇಕು. 1897ರಲ್ಲಿ ಕಲ್ಕತ್ತಾದಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅವರಂಥವರ ಶ್ರಮದಿಂದ ನೆಲೆಯಾದ ಬೆರಳಚ್ಚು ಕೇಂದ್ರ ಊರವರೆಲ್ಲರ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಲ್ಲ. ಶಿಕ್ಷೆಯಾದ ಅಪರಾಧಿಗಳದ್ದನ್ನು ಇಟ್ಟುಕೊಂಡಿತು. ಅದು ಗೆದ್ದಿದ್ದೇ ಆ ಕಾರಣಕ್ಕೆ. ಇನ್ನು ಬೆರಳಿನ ಗೆರೆ ಸಾಯುವ ತನಕ ಬದಲಾಗುವುದಿಲ್ಲ. ಪಿಸ್ತೂಲಿನ ಚುಚ್ಚುಕಡ್ಡಿಯನ್ನು ಅರದಿಂದ ನಾಲ್ಕು ಸಲ ತಿಕ್ಕಿದರೆ ದಾಖಲೆಯಲ್ಲಿರುವ ಗುರುತಿಗೂ ಅದಕ್ಕೂ ಸಂಬಂಧ ಹರಿಯಿತು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಕೇಂದ್ರ ಗೃಹ ಸಚಿವಾಲಯದ ಲೆಕ್ಕದಂತೆ 2016ರ ಕೊನೆಗೆ ದೇಶದಲ್ಲಿ ಸುಮಾರು 33.7 ಲಕ್ಷ ಪರವಾನಗಿಗಳಿದ್ದವು, ಕರ್ನಾಟಕದಲ್ಲಿ ಸುಮಾರು 1.13 ಲಕ್ಷ. ತಲಾ ಎರಡು ಗುಂಡು ಹಾರಿಸಿದರೂ 2.26 ಲಕ್ಷ ಗುಂಡು. ಹಾರಿಸಲಿ ಅನ್ನೋಣ. ಆದರೆ ಈ ಲಕ್ಷದಲ್ಲಿ ಏನೇನಿದೆ? ಮಲೆನಾಡಿನಲ್ಲಿ ಬೆಳೆ ಕಾಯಲು ಪಡೆದ ಒಂಟಿನಳಿಗೆ, ಜೋಡುನಳಿಗೆಗಳೇ ರಾಶಿ. ಕೇಪಿನ ಕೋವಿಯಲ್ಲಿ ಮದ್ದು, ಚರೆ ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬುವುದು. ಅದು ತೋಟಾವನ್ನೇ ಬಿಡುವುದಿಲ್ಲ. ತೋಟಾ ಕೋವಿಯ ಚರೆಗಳ ಮೇಲೆ ನಳಿಗೆಯ ಸುರುಳಿ ಗೀರು ಮೂಡುವುದಿಲ್ಲ. ಇನ್ನು ನಗರದ ಪರವಾನಗಿದಾರರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಸರ್ಕಾರಿ ಕಾರ್ಖಾನೆಯ .32 ರಿವಾಲ್ವರು. ಕಾನ್ಪುರದಲ್ಲಿ ತಯಾರಾಗಿ 2014ರಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆಂದು ಒಂದು ಲಕ್ಷಕ್ಕೂ ಮಿಕ್ಕಿದ ಬೆಲೆಯಲ್ಲಿ ಬಂದ 'ನಿರ್ಭೀಕ್' ಕೂಡ ರಿವಾಲ್ವರೇ. ರಿವಾಲ್ವರು ಖಾಲಿ ತೋಟಾವನ್ನು ಹೊರಗೆಸೆಯುವುದಿಲ್ಲ. ಅದು ಚಕ್ರದಲ್ಲೇ ಉಳಿದು ಹಾರಿಸಿದವನ ಜೊತೆಗೇ ಮನೆಗೆ ಹೋಗುತ್ತದೆ. ಸ್ಥಳದಲ್ಲಿ ಬೀಳದ ವಸ್ತುವಿನ ಅಚ್ಚನ್ನು ಲಕ್ಷಗಟ್ಟಲೆ ಸಂಗ್ರಹಿಸಿಟ್ಟು ಪೊಲೀಸರು ಯಾವುದರ ಜೊತೆ ಹೋಲಿಸುತ್ತಾರೆ?

ಕೊಡಗನ್ನು ಇದರಲ್ಲಿ ಎಲ್ಲಿ ಕೂರಿಸುತ್ತಾರೋ ಕಾಣೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಹೊರಗಿಟ್ಟರು. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇಂದಿಗೂ ನಡೆದು ಬಂದಿದೆ. ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಪರವಾನಗಿಯೇ ಬೇಡದ ಕೋವಿಗಳು ಒಂದು ಜಿಲ್ಲೆಯ ತುಂಬ ಇರುವಾಗ ಪರವಾನಗಿಯ ದಾಖಲೆಯೇ ರಾಜ್ಯದ ಬಂದೂಕಿನ ದಾಖಲೆ ಎಂದು ಹೇಳುವುದು ಹೇಗೆ?

ಇನ್ನು ಬೆಂಗಳೂರಿಗೆ ಬಂದರೆ, ಇಲ್ಲಿನ ದಂಡು ಪ್ರದೇಶದ ರಸ್ತೆಗಳ ಹೆಸರಲ್ಲೇ ಸೈನ್ಯವಿದೆ. ಇನ್‌ಫೆಂಟ್ರಿ, ಬ್ರಿಗೇಡ್, ಆರ್ಟಿಲರಿ, ಈಗ ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ. ನಗರದ ಆಯುಧ ಪರವಾನಗಿಗೆ ಅರ್ಜಿ ಹಾಕಬೇಕಾದ ಕಮಿಷನರ್ ಕಚೇರಿ ಇನ್‌ಫೆಂಟ್ರಿ ರಸ್ತೆಯಲ್ಲೇ ಇದೆ. ಆದರೆ ಈ ರಸ್ತೆಗಳಲ್ಲಿ ಹೆಣ ಬೀಳುವುದು ಗುಂಡಿನಿಂದ ಅಲ್ಲ. 2016ರ ಅಕ್ಟೋಬರ್ 16ರಂದು ಕಾಮರಾಜ ರಸ್ತೆಯಲ್ಲಿ ಆರೆಸ್ಸೆಸ್ ಕಾರ್ಯಕರ್ತ ರುದ್ರೇಶ್ ಅವರನ್ನು ಬೈಕಿನಲ್ಲಿ ಬಂದವರು ಹಾಡಹಗಲೇ ಕೊಂದದ್ದು ಮಚ್ಚಿನಿಂದ. 2025ರ ಜುಲೈನಲ್ಲಿ ಹಲಸೂರು ಕೆರೆಯ ಬಳಿ ರೌಡಿ ಶೀಟರ್ ಬಿಕ್ಲು ಶಿವನನ್ನು ಕೊಚ್ಚಿ ಹಾಕಿದ್ದೂ ಮಾರಕಾಸ್ತ್ರಗಳಿಂದಲೇ. 2013ರಲ್ಲಿ ಕಾರ್ಪೊರೇಷನ್ ವೃತ್ತದ ಎಟಿಎಂ ಒಳಗೆ ಮಹಿಳೆಯೊಬ್ಬರ ಮೇಲಾದ ದಾಳಿಯ ದೃಶ್ಯ ದೇಶವೇ ನೋಡಿತು, ಅಲ್ಲಿಯೂ ಮಚ್ಚು. ಬೆಂಗಳೂರಿನ ಭೂಗತ ಲೋಕಕ್ಕೆ ಗನ್ನು ದೊಡ್ಡದಾಗಿ ಬಂತು ಎಂದು ಎಲ್ಲರೂ ನೆನೆಯುವುದು 1989ರ ನವೆಂಬರಿನಲ್ಲಿ ಲಾಲ್‌ಬಾಗ್ ಹತ್ತಿರ ಎಂ.ಪಿ. ಜಯರಾಜ್ ಹತ್ಯೆಯಾದಾಗ. ಅಲ್ಲಿಂದ ಮೂರೂವರೆ ದಶಕ ಕಳೆದರೂ ಲಾಂಗು ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಮಚ್ಚನ್ನು ದಾಖಲೆಗೆ ಹಾಕಿ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ನಗುತ್ತೇವೆ. ಶಿವಾಜಿನಗರದ ಕುಲುಮೆಯವನಿಂದ ರಸೆಲ್ ಮಾರ್ಕೆಟ್ಟಿನ ಮಾಂಸದಂಗಡಿಯವರೆಗೆ ಯಾರ ಮಚ್ಚನ್ನು ಬರೆದುಕೊಳ್ಳುತ್ತೀರಿ?

ಗುಂಡು ಹಾರುವ ಕಡೆಯಲ್ಲೂ ಹಾರುವುದು ಯಾರ ಪಿಸ್ತೂಲಿನಿಂದ? ಬಿಹಾರದ ಮುಂಗೇರ್, ಮಧ್ಯಪ್ರದೇಶದ ಖರ್ಗೋನ್, ಬುರ್ಹಾನ್‌ಪುರ ಕಡೆಯ ಕುಲುಮೆಗಳಲ್ಲಿ ಅರ ಹಿಡಿದು ಮಾಡಿದ್ದು. ರೈಲಿನಲ್ಲೋ ಬಸ್ಸಿನಲ್ಲೋ ಬಟ್ಟೆ ನಡುವೆ ಸುತ್ತಿಕೊಂಡು ಬಂದದ್ದು. ನಮ್ಮದೇ ವಿಜಯಪುರ ಜಿಲ್ಲೆಯ ಭೀಮಾತೀರದ ಹೆಸರು ನಾಡ ಪಿಸ್ತೂಲಿನ ಜೊತೆ ತಳುಕು ಹಾಕಿಕೊಂಡು ಸಿನಿಮಾದವರೆಗೂ ಬಂದಿದೆ. ಬೆಂಗಳೂರಿನ ಸಿಸಿಬಿ ಪೊಲೀಸರು ಆಗಾಗ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಪತ್ರಕರ್ತರಿಗೆ ತೋರಿಸುವುದು ಇವನ್ನೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಪರವಾನಗಿ ಇದ್ದ, ಇಲ್ಲದ ಆಯುಧಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತದೆ. ಪರವಾನಗಿ ಇಲ್ಲದವುಗಳ ಪಾಲೇ ಬಹುಪಾಲು. ನಾಡ ಪಿಸ್ತೂಲಿಗೆ ನಂಬರಿಲ್ಲ, ಕಂಪನಿಯಿಲ್ಲ, ಪರವಾನಗಿಯಿಲ್ಲ. ಅದರ ತೋಟಾ ಯಾವ ಲಕೋಟೆಯಲ್ಲೂ ಬಂದು ಕೂರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿದ ಮಾತ್ರಕ್ಕೆ ಅದು ತನಿಖೆಯಾಗುವುದಿಲ್ಲ.

ತೋಟಾ ಮಾತಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಮಾತಾಡಿದ ಅತ್ಯಂತ ದೊಡ್ಡ ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿನಗರದ ಮನೆಯ ಮುಂದೆ ಗೌರಿ ಲಂಕೇಶರನ್ನು ಕೊಂದರು. ಎರಡೂ ಕಡೆ 7.65 ಎಂ.ಎಂ. ನಾಡ ಪಿಸ್ತೂಲು. ಎರಡೂ ಕಡೆ ಸಿಕ್ಕ ತೋಟಾ, ಗುಂಡುಗಳನ್ನು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಅಕ್ಕಪಕ್ಕ ಇಟ್ಟು ನೋಡಿ, ಹಾರಿಸಿದ ಆಯುಧ ಒಂದೇ ಎಂದಿತು. ಕೊಲ್ಹಾಪುರದ ಗೋವಿಂದ ಪಾನ್ಸರೆ, ಪುಣೆಯ ನರೇಂದ್ರ ದಾಭೋಲ್ಕರ್ ಹತ್ಯೆಗಳ ಜೊತೆಗೂ ಗಂಟು ಬಿತ್ತು. ಆಯುಧ ಕೈಗೆ ಸಿಗುವ ಮೊದಲೇ ಇಷ್ಟು ಗೊತ್ತಾಗಿತ್ತು. ಆಮೇಲೆ ದಾಭೋಲ್ಕರ್ ಪ್ರಕರಣದಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಸಮೀಪದ ಖಾರೆಗಾಂವ್ ಕೊಲ್ಲಿಯ ಕೆಸರಿನಲ್ಲಿ ಪಿಸ್ತೂಲಿಗಾಗಿ ವಿದೇಶಿ ಮುಳುಗುಗಾರರನ್ನು ಕರೆಸಿ ಸಿಬಿಐ ಜಾಲಾಡಿದ್ದು ಬೇರೆ ಕತೆ.

ಎಲ್ಲಿಯ ಪರವಾನಗಿ ದಾಖಲೆ ಇಲ್ಲಿ ಸಹಾಯಕ್ಕೆ ಬಂತು? ಯಾವುದೂ ಇಲ್ಲ. ಕೊಲೆಯ ಜಾಗದ ತೋಟಾವನ್ನು ಇನ್ನೊಂದು ಕೊಲೆಯ ಜಾಗದ ತೋಟಾದ ಜೊತೆ ಇಟ್ಟು ನೋಡಿದ್ದಕ್ಕೆ ಗೊತ್ತಾಯಿತು. ಅರದಿಂದ ಕೈಯಲ್ಲಿ ತಿಕ್ಕಿದ ಲೋಹ ಯಂತ್ರದ ಲೋಹಕ್ಕಿಂತ ಒರಟಾದ, ಒಂದರಂತೆ ಇನ್ನೊಂದಿಲ್ಲದ ಗುರುತು ಬಿಡುತ್ತದೆ ಎಂಬುದೂ ಇಲ್ಲಿ ಗಮನಿಸುವಂಥದ್ದು. ಕಾರ್ಖಾನೆಯ ಪಿಸ್ತೂಲುಗಳ ನಡುವೆ ಹುಡುಕುವಾಗ ಸೋಲುವ ವಿದ್ಯೆ ಕಳ್ಳ ಕುಲುಮೆಯ ಪಿಸ್ತೂಲನ್ನು ಹಿಂಬಾಲಿಸುವಾಗ ಗೆಲ್ಲಬಲ್ಲದು. ಅಮೆರಿಕದವರೂ ಮೇರಿಲ್ಯಾಂಡಿನ ಗೋದಾಮು ಮುಚ್ಚಿದಾಗ ಅಪರಾಧ ಸ್ಥಳದ ತೋಟಾಗಳ ರಾಷ್ಟ್ರೀಯ ಜಾಲವನ್ನು ಮುಚ್ಚಲಿಲ್ಲ. ಅದು ಇಂದಿಗೂ ನಡೆಯುತ್ತಿದೆ, ಅದರಿಂದ ಪ್ರಕರಣಗಳು ಒಂದಕ್ಕೊಂದು ಕೂಡಿಕೊಳ್ಳುತ್ತಲೂ ಇವೆ. ಎರಡು ದಾಖಲೆಗಳ ನಡುವಿನ ಈ ವ್ಯತ್ಯಾಸವನ್ನು ಟಿ.ವಿ. ಚರ್ಚೆ ಒಂದೇ ವಾಕ್ಯದಲ್ಲಿ ನುಂಗಿಬಿಡುತ್ತದೆ.

ನಮ್ಮಲ್ಲಿ ಆ ಹೋಲಿಕೆಗೆ ಬಂದ ಅಡ್ಡಿ ಯಾವುದು ಎಂದು ನೋಡಿದರೆ ನಾಚಿಕೆಯಾಗುತ್ತದೆ. ದಾಭೋಲ್ಕರ್, ಪಾನ್ಸರೆ, ಕಲಬುರ್ಗಿ ಈ ಮೂವರ ಹತ್ಯೆಗಳ ತೋಟಾಗಳ ಬಗ್ಗೆ ಇನ್ನೊಂದು ಅಭಿಪ್ರಾಯ ಬೇಕೆಂದು ಸಿಬಿಐ ಅವನ್ನು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಕಳಿಸುವ ಮಾತಾಡಿತು. ಬಾಂಬೆ ಹೈಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು ಬಿದ್ದಿತು. ಕೊನೆಗೆ ಆ ದೇಶದೊಡನೆ ಅಂಥ ಒಪ್ಪಂದವಿಲ್ಲ ಎಂದಾಗಿ ಗುಜರಾತಿನ ಪ್ರಯೋಗಾಲಯಕ್ಕೆ ಹೋಯಿತು. ಈ ಓಡಾಟ ಶುರುವಾದಾಗ ಗೌರಿಯವರು ಬದುಕಿದ್ದರು. ಬೆಂಗಳೂರು, ಮುಂಬೈ, ಅಹಮದಾಬಾದಿನ ಪ್ರಯೋಗಾಲಯಗಳು ಒಂದೇ ಪರದೆಯ ಮೇಲೆ ಒಂದೇ ತೋಟಾದ ಚಿತ್ರ ನೋಡುವ ವ್ಯವಸ್ಥೆ ಆಗ ಇದ್ದಿದ್ದರೆ ಎಂಬ ಪ್ರಶ್ನೆಗೆ ಉತ್ತರ ನನ್ನ ಬಳಿ ಇಲ್ಲ, ಆದರೆ ಹಣ ಎಲ್ಲಿಗೆ ಹೋಗಬೇಕು ಎಂಬುದಕ್ಕಂತೂ ಇದೆ. 2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬುವವರ ಮೇಲೆ ಗುಂಡು ಹಾರಿಸಿದವರು ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜಿನಲ್ಲೂ ಗುಂಡು ಹಾರಿಸಿದರು. ರಾಜ್ಯದ ಗಡಿ ದಾಟಲು ಅವರಿಗೆ ಬೇಕಾದದ್ದು ಕೆಲವು ಗಂಟೆ. ತೋಟಾದ ಚಿತ್ರಕ್ಕೆ ವರ್ಷಗಟ್ಟಲೆ ಬೇಕಾಗಬಾರದು.

'ಮೇರಿಲ್ಯಾಂಡಿನ ಯಂತ್ರ ಹಳೆಯದು, ಈಗ ಮೂರು ಆಯಾಮದ ಚಿತ್ರ ತೆಗೆಯುವ ಯಂತ್ರ ಬಂದಿದೆ' ಎಂಬ ಮಾತು ಬರುತ್ತದೆ. ಬಂದಿದೆ, ಒಳ್ಳೆಯದೇ. ಯಂತ್ರ ಎಷ್ಟು ಚೆನ್ನಾಗಿ ನೋಡಿದರೂ ದಾಖಲೆಯಲ್ಲಿ ಇಲ್ಲದ್ದನ್ನು ನೋಡಲಾರದು. 'ಪರವಾನಗಿ ಪಿಸ್ತೂಲು ಕಳುವಾದರೆ?' ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿ. ಕಳುವಾದ ಆಯುಧ ಸಿಕ್ಕಿದರೆ ಅದರ ನಂಬರೇ ಸಾಕು, ಅಚ್ಚು ಬೇಕಿಲ್ಲ. ಅಚ್ಚು ಬೇಕಾಗುವುದು ಆಯುಧ ಸಿಗದೆ ತೋಟಾ ಮಾತ್ರ ಸಿಕ್ಕಿದಾಗ. ಅದು ರಿವಾಲ್ವರ್ ಆಗಿರದೆ ಪಿಸ್ತೂಲು ಆಗಿದ್ದಾಗ. ಅದಕ್ಕೆ ಇದೇ ರಾಜ್ಯದ ಪರವಾನಗಿ ಇದ್ದಾಗ. ಕದ್ದವನು ಚುಚ್ಚುಕಡ್ಡಿ ಬದಲಿಸದೆ ಇದ್ದಾಗ. ಅವನು ಹಾಕಿದ ಗುಂಡು ಪರೀಕ್ಷೆಗೆ ಹಾಕಿದ ಕಂಪನಿಯದೇ ಆದಾಗ. ಇಷ್ಟೂ ಕೂಡಿಬಂದರೂ ಕಂಪ್ಯೂಟರ್ ಹೇಳುವ ಹೆಸರು ಕೊಲೆಗಾರನದ್ದಲ್ಲ, ಪಿಸ್ತೂಲು ಕಳೆದುಕೊಂಡು ಎಂದೋ ಠಾಣೆಗೆ ದೂರು ಕೊಟ್ಟು ಬಂದ ಮನುಷ್ಯನದ್ದು.

'ಇರಲಿ ಬಿಡಿ, ನಷ್ಟವೇನು, ಇದ್ದರೆ ಒಂದು ದಿನ ಉಪಯೋಗಕ್ಕೆ ಬಂದೀತು' ಎನ್ನುವವರೇ ಹೆಚ್ಚು. ನಷ್ಟ ಎಲ್ಲಿದೆ ಎಂದರೆ ಮಡಿವಾಳದಲ್ಲಿದೆ. 'ಎಫ್‌ಎಸ್‌ಎಲ್ ವರದಿ ಬಾಕಿ ಇದೆ' ಎಂಬ ಸಾಲು ಓದದೆ ನಮ್ಮ ಪತ್ರಿಕೆ ಓದುಗರಿಗೆ ಒಂದು ವಾರ ಕಳೆಯುವುದಿಲ್ಲ. ಮೈಸೂರು, ದಾವಣಗೆರೆ, ಮಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಾದ ಮೇಲೂ ಹೊರೆ ಇಳಿದಿಲ್ಲ. ಅದರ ಮೇಲೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲೆಲ್ಲ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗುವುದನ್ನು ಹಂತ ಹಂತವಾಗಿ ಕಡ್ಡಾಯ ಮಾಡಿದೆ. ಇದು ಸರಿಯಾದ ಕಾನೂನು. ಇದಕ್ಕೆ ಕೈಗಳು ಬೇಕು. ಆ ಕೈಗಳನ್ನೇ ಹಿಡಿದು ಕಾಫಿ ತೋಟದ ಯಜಮಾನರ ಜೋಡುನಳಿಗೆಯಿಂದ ಗುಂಡು ಹಾರಿಸಿ, ಲಕೋಟೆಗೆ ಹಾಕಿ, ಅಂಟಿಸಿ ಎಂದು ಕೂರಿಸುವುದಾದರೆ ಬೌರಿಂಗ್ ಆಸ್ಪತ್ರೆಯ ಶವಾಗಾರದಿಂದ ಹೊರಬಂದ ಗುಂಡಿನ ಸರದಿ ಯಾವಾಗ?

ಪರವಾನಗಿಯವರ ಬಳಿಯೇ ಏನಾದರೂ ಹುಡುಕಲೇಬೇಕು ಎನ್ನುವವರು ಬಂದೂಕು ಬಿಟ್ಟು ಗುಂಡು ಹುಡುಕಲಿ. ನಾಡ ಪಿಸ್ತೂಲನ್ನು ಕುಲುಮೆಯಲ್ಲಿ ಮಾಡಬಹುದು, 7.65ರ ಒಳ್ಳೆಯ ಗುಂಡನ್ನು ಹಾಗೆ ಮಾಡುವುದು ಕಷ್ಟ. ಅದು ಕಾರ್ಖಾನೆಯಿಂದಲೇ ಬರಬೇಕು. ಎಂದರೆ ಎಲ್ಲೋ ಒಂದು ಅಂಗಡಿಯ ಪುಸ್ತಕದಲ್ಲಿ, ಯಾರದೋ ಪರವಾನಗಿಯ ಹೆಸರಲ್ಲಿ ಸರಿಯಾಗಿ ಮಾರಾಟವಾಗಿ ಆಮೇಲೆ ಸೋರಿರಬೇಕು. ಗೌರಿ ಪ್ರಕರಣದಲ್ಲಿ ಎಸ್‌ಐಟಿಗೆ ಮೊದಲ ಎಳೆ ಸಿಕ್ಕಿದ್ದು ಹೇಗೆ ಎಂಬುದನ್ನು ನೆನಪಿಸಿಕೊಳ್ಳಿ: 2018ರ ಫೆಬ್ರುವರಿಯಲ್ಲಿ ಒಬ್ಬನ ಬಳಿ ಪರವಾನಗಿಯಿಲ್ಲದ ಜೀವಂತ ಗುಂಡುಗಳು ಸಿಕ್ಕಿ, ಆಯುಧ ಕಾಯ್ದೆಯಡಿ ಬಂಧಿಸಿದ್ದರಿಂದ. ಆ ಮೊಕದ್ದಮೆಯ ವಿಚಾರಣೆ ನ್ಯಾಯಾಲಯದ ಕೆಲಸ, ತೀರ್ಪು ಅಲ್ಲಿಂದಲೇ ಬರಬೇಕು. ನಾನು ಹೇಳುವುದು ಎಳೆಯ ಬಗ್ಗೆ ಮಾತ್ರ. ಯಾರು ವರ್ಷಕ್ಕೆ ಎಷ್ಟು ಗುಂಡು ಕೊಂಡರು, ಎಷ್ಟು ಹಾರಿಸಿದರು, ಖಾಲಿ ತೋಟಾ ವಾಪಸು ಕೊಟ್ಟರೇ, ಅಂಗಡಿಯ ದಾಸ್ತಾನು ಪುಸ್ತಕ ಕಾರ್ಖಾನೆಯ ರವಾನೆ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಲು ಹೊಸ ಯಂತ್ರ ಬೇಡ, ಗುಮಾಸ್ತರು ಸಾಕು. ಅದು ಟಿ.ವಿ.ಯಲ್ಲಿ ಚೆನ್ನಾಗಿ ಕಾಣದ ಕೆಲಸ, ಆದ್ದರಿಂದ ಯಾರೂ ಕೇಳುವುದಿಲ್ಲ.

ಬಂದೂಕುಗಳ ಅಚ್ಚು ತೆಗೆದಿಡುವುದು ನಿಜಕ್ಕೂ ಕೆಲಸಕ್ಕೆ ಬರುವ ಒಂದು ಜಾಗವಿದೆ. ಅಲ್ಲಿ ಪ್ರತಿ ಆಯುಧದ ನಂಬರು ಗೊತ್ತು, ಯಾವತ್ತು ಯಾರ ಕೈಗೆ ಕೊಟ್ಟರು ಎಂಬುದಕ್ಕೆ ಸಹಿ ಇದೆ, ಆಯುಧ ಮಾರಾಟವಾಗುವುದಿಲ್ಲ, ರಾಜ್ಯದ ಗಡಿ ದಾಟಿ ಮಾಯವಾಗುವುದಿಲ್ಲ, ಗುಂಡಿಗೆ ಲೆಕ್ಕವಿದೆ. ಮೇರಿಲ್ಯಾಂಡಿನಲ್ಲಿ ಇಲ್ಲದ್ದೆಲ್ಲ ಅಲ್ಲಿದೆ. ಅದು ಪೊಲೀಸರ ಆಯುಧಾಗಾರ. ಈ ನಗರದಲ್ಲಿ ಪತ್ರಿಕೆಯ ಸುದ್ದಿಯಾಗುವಷ್ಟು ನಿಯತವಾಗಿ ಹಾರುವ ಗುಂಡೂ ಅಲ್ಲಿನದೇ. 'ಮಹಜರಿಗೆ ಕರೆದೊಯ್ದಾಗ ಹಲ್ಲೆಗೆ ಯತ್ನ, ಆರೋಪಿ ಕಾಲಿಗೆ ಗುಂಡು' ಎಂಬ ತಲೆಬರಹದ ಅಕ್ಷರಗಳನ್ನು ಮೊದಲೇ ಜೋಡಿಸಿಟ್ಟಿರುತ್ತಾರೇನೋ ಅನ್ನಿಸುವಷ್ಟು ಅದು ಮಾಮೂಲಾಗಿದೆ. 2020ರ ಆಗಸ್ಟ್ 11ರ ರಾತ್ರಿ ಇದೇ ಪೂರ್ವ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಗುಂಪು ಠಾಣೆಗೆ ಬೆಂಕಿ ಹಚ್ಚಿದಾಗ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಗುಂಪಿನ ಹಿಂಸೆ ಎಷ್ಟೇ ಘೋರವಾಗಿದ್ದರೂ ಯಾವ ಗುಂಡು ಯಾವ ಆಯುಧದ್ದು ಎಂಬ ಪ್ರಶ್ನೆಗೆ ದಾಖಲೆಯಿಂದಲೇ ಉತ್ತರ ಬರಬೇಕು. 2014ರ ಸೆಪ್ಟೆಂಬರಿನಲ್ಲಿ ಪಿಯುಸಿಎಲ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಪೊಲೀಸ್ ಗುಂಡಿಗೆ ಸಾವಾದಾಗ ಗುಂಡು ಹಾರಿಸಿದ ಅಧಿಕಾರಿ ತನ್ನ ಆಯುಧವನ್ನು ವಿಧಿವಿಜ್ಞಾನ ಪರೀಕ್ಷೆಗೆ ಒಪ್ಪಿಸಬೇಕು ಎಂದು ಹೇಳಿದೆ. ಘಟನೆಯಾದ ಮೇಲೆ ಒಪ್ಪಿಸುವ ಆಯುಧ ಅದೇ ಆಯುಧವೇ ಎಂದು ತಿಳಿಯಲು, ಅದನ್ನು ಕೈಗೆ ಕೊಡುವ ದಿನವೇ ಹಾರಿಸಿ ತೆಗೆದಿಟ್ಟ ಎರಡು ತೋಟಾಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇದಕ್ಕೆ ಹೊಸ ಕಾನೂನು ಬೇಡ, ವಿಧಾನಸಭೆಯ ಅಧಿವೇಶನ ಬೇಡ. ಯಾವ ನಾಗರಿಕನನ್ನೂ ಠಾಣೆಗೆ ಕರೆಸಬೇಕಾಗಿಲ್ಲ. ಇನ್‌ಫೆಂಟ್ರಿ ರಸ್ತೆಯಿಂದ ಒಂದು ಸುತ್ತೋಲೆ ಹೊರಟರೆ ಸಾಕು. ಪರವಾನಗಿದಾರರ ತೋಟಾ ಬೇಕೆಂದು ಟಿ.ವಿ.ಯಲ್ಲಿ ಕೇಳುವ ನಿವೃತ್ತ ಅಧಿಕಾರಿಗಳು ಮುಂದಿನ ಸಲ ಕ್ಯಾಮೆರಾದ ಮುಂದೆ ಕೂತಾಗ ಆ ಸುತ್ತೋಲೆಯನ್ನು ಕೇಳಲಿ.